ಬೈಸಿಕಲ್ಲು ನಿಲ್ಲುವ ಬಗೆ

ಈಚೆಗೊಂದು ಬೆಳಿಗ್ಗೆ ಚನ್ನಪಟ್ಟಣದ ಪೇಟೆಯಲ್ಲಿ, ನಮ್ಮ ಬೈಸಿಕಲ್ಲಿಗೆ ಗಾಳಿ ತುಂಬಿಸಿಕೊಳ್ಳಲೆಂದು ಒಂದು ಸಣ್ಣ ರಿಪೇರಿ ಅಂಗಡಿಯ ಮುಂದೆ ನಿಂತಿದ್ದೆವು. ಶಾಲೆಯ ಸಮವಸ್ತ್ರ ತೊಟ್ಟ ಹುಡುಗಿಯೊಬ್ಬಳು ತನ್ನ ಬೈಸಿಕಲ್ಲನ್ನು ತಳ್ಳಿಕೊಂಡು ಬಂದಳು. ಸರಪಳಿ ಕಳಚಿಕೊಂಡಿತ್ತು, ಅದನ್ನು ಮತ್ತೆ ಕೂರಿಸುವುದು ಎರಡು ನಿಮಿಷದ ಕೆಲಸ. ಆದರೆ ನಮ್ಮ ಕಣ್ಣಿಗೆ ಬಿದ್ದುದು ಬೇರೊಂದು ಕೊರತೆ. ಆ ಬೈಸಿಕಲ್ಲಿಗೆ ಮುಂಚಕ್ರದ ಬ್ರೇಕೇ ಇರಲಿಲ್ಲ. ಕೈಹಿಡಿಕೆಯೇನೋ ಇತ್ತು, ಅದರಿಂದ ಕೆಳಗಿಳಿಯಬೇಕಾದ ಕಬ್ಬಿಣದ ಸರಳೂ ಇಲ್ಲ, ಚಕ್ರದ ಅಂಚನ್ನು ಒತ್ತಬೇಕಾದ ರಬ್ಬರಿನ ತುಂಡುಗಳೂ ಇಲ್ಲ. ಕೇಳಿದರೆ, "ಅಪ್ಪ ಬಿಚ್ಚಿಸಿಬಿಟ್ಟರು. ಮುಂದಿನ ಬ್ರೇಕು ಹಿಡಿದರೆ ಸೈಕಲ್ಲು ಮಗುಚಿಕೊಳ್ಳುತ್ತದಂತೆ" ಎಂದಳು. ಅಂಗಡಿಯ ಯಜಮಾನರು ಹೌದೆಂಬಂತೆ ತಲೆಯಾಡಿಸಿದರು.

ಈ ನಂಬಿಕೆ ಅವರಿಬ್ಬರದೇ ಅಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ, ಈ ನಾಲ್ಕು ಊರುಗಳಲ್ಲಿಯೂ ನಾವು ಅದನ್ನು ಕೇಳಿದ್ದೇವೆ. ನಾವೇ ಚಿಕ್ಕಂದಿನಲ್ಲಿ ಅದನ್ನು ನಂಬಿದ್ದುಂಟು. ಹೀಗಾಗಿ ಎಷ್ಟೋ ಜನರು ಎರಡು ಬ್ರೇಕಿನ ಗಾಡಿಯನ್ನು ಒಂದೇ ಬ್ರೇಕಿನಿಂದ ನಡೆಸುತ್ತಾರೆ. ಉಳಿಸಿಕೊಂಡ ಆ ಒಂದು ಬ್ರೇಕು ಎರಡರಲ್ಲಿ ದುರ್ಬಲವಾದುದು ಎಂಬುದೇ ಇಲ್ಲಿನ ವಿಪರ್ಯಾಸ. ಇದೇಕೆ ಹೀಗೆಂಬುದನ್ನು ವಿಚಾರಿಸುವುದೇ ಈ ಲೇಖನದ ಉದ್ದೇಶ.

ಬ್ರೇಕು ಮಾಡುವ ಕೆಲಸವೇನೆಂಬುದನ್ನು ಅರಿಯಲು ಚನ್ನಪಟ್ಟಣಕ್ಕಿಂತ ಒಳ್ಳೆಯ ಪಾಠಶಾಲೆ ಬೇರೆ ಬೇಕಿಲ್ಲ. ಅಲ್ಲಿ ಬೊಂಬೆ ಮಾಡುವ ಕುಶಲಕರ್ಮಿಗಳು ಆಲೆಮರದ ತುಂಡನ್ನು ಚರಕಿಗೆ ಸಿಕ್ಕಿಸಿ ವೇಗವಾಗಿ ತಿರುಗಿಸುತ್ತಾರೆ. ಉಳಿಯಿಂದ ಆಕಾರ ಬಂದ ಮೇಲೆ ಬಣ್ಣದ ಅರಗಿನ ಕಡ್ಡಿಯನ್ನು ಆ ತಿರುಗುವ ಮರಕ್ಕೆ ಒತ್ತಿ ಹಿಡಿಯುತ್ತಾರೆ. ಬೆಂಕಿಯಿಲ್ಲ, ಒಲೆಯಿಲ್ಲ, ಆದರೂ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಕರಗಿಸಿದ ಶಾಖ ಎಲ್ಲಿಂದ ಬಂತು? ಮರದ ಚಲನೆಯಿಂದಲೇ ಬಂತು. ಎರಡು ಮೈಗಳು ಒಂದಕ್ಕೊಂದು ಉಜ್ಜಿಕೊಂಡಾಗ ಚಲನಶಕ್ತಿ ಉಷ್ಣವಾಗಿ ಮಾರ್ಪಡುತ್ತದೆ. ಚರಕಿಯನ್ನು ತಿರುಗಿಸುತ್ತಿರುವ ಮೋಟಾರನ್ನು ಆಗ ನಿಲ್ಲಿಸಿಬಿಟ್ಟರೆ, ಆ ಕಡ್ಡಿಯ ಒತ್ತಡವೇ ಮರದ ತಿರುಗುವಿಕೆಯನ್ನು ಬೇಗ ಅಡಗಿಸಿಬಿಡುತ್ತದೆ. ಬೈಸಿಕಲ್ಲಿನ ಬ್ರೇಕೂ ಇಷ್ಟೇ. ಅರಗಿನ ಕಡ್ಡಿಯ ಸ್ಥಾನದಲ್ಲಿ ರಬ್ಬರಿನ ತುಂಡು, ಮರದ ಸ್ಥಾನದಲ್ಲಿ ಚಕ್ರದ ಉಕ್ಕಿನ ಅಂಚು.

ಎಷ್ಟು ಶಕ್ತಿಯನ್ನು ಹೀಗೆ ಉಷ್ಣವಾಗಿ ಕಳೆಯಬೇಕು? ಹುಡುಗಿಯ ತೂಕ 40 ಕಿಲೋಗ್ರಾಂ, ಬೈಸಿಕಲ್ಲಿನದು 20 ಎಂದಿಟ್ಟುಕೊಳ್ಳೋಣ. ಸಮತಲದಲ್ಲಿ ಗಂಟೆಗೆ 15 ಕಿಲೋಮೀಟರು ವೇಗದಲ್ಲಿ ಹೋಗುವಾಗ ಅವೆರಡರ ಚಲನಶಕ್ತಿ ಸುಮಾರು 520 ಜೂಲುಗಳು. ವೇಗ 30ಕ್ಕೆ ಏರಿದರೆ ಶಕ್ತಿ ಇಮ್ಮಡಿಯಾಗುವುದಿಲ್ಲ, ನಾಲ್ಮಡಿಯಾಗುತ್ತದೆ, 2,080 ಜೂಲುಗಳಷ್ಟಾಗುತ್ತದೆ. ಇನ್ನು ಇಳಿಜಾರಿನ ವಿಷಯ. ಮಾಗಡಿಯಿಂದ ರಾಮನಗರಕ್ಕೆ ಬರುವ ದಾರಿ ಬಂಡೆಬೆಟ್ಟಗಳ ನಡುವೆ ಏರುತ್ತ ಇಳಿಯುತ್ತ ಸಾಗುತ್ತದೆಂಬುದನ್ನು ಆ ಸೀಮೆಯವರು ಬಲ್ಲರು. ನೇರ ಲೆಕ್ಕದಲ್ಲಿ ಕೇವಲ ಹತ್ತು ಮೀಟರು ಕೆಳಗಿಳಿದರೆ ಅದೇ ಹುಡುಗಿಗೂ ಬೈಸಿಕಲ್ಲಿಗೂ ಗುರುತ್ವ ಕೊಡುವ ಶಕ್ತಿ 5,880 ಜೂಲುಗಳು, ಎಂದರೆ ಸಮತಲದಲ್ಲಿ ತುಳಿದು ಗಳಿಸಿದುದರ ಹನ್ನೊಂದು ಪಟ್ಟಿಗೂ ಹೆಚ್ಚು. ಗಾಳಿಯ ತಡೆಯಲ್ಲಿ ಅದರ ಒಂದು ಭಾಗ ಕಳೆದುಹೋದೀತು. ಮಿಕ್ಕದ್ದನ್ನೆಲ್ಲ ಆ ಪುಟ್ಟ ರಬ್ಬರುಗಳೇ ನುಂಗಬೇಕು.

ಈಗ ಮುಂಚಕ್ರಕ್ಕೂ ಹಿಂಚಕ್ರಕ್ಕೂ ಇರುವ ಭೇದಕ್ಕೆ ಬರೋಣ. ಓಡುತ್ತಿರುವ ಬಸ್ಸು ತಟ್ಟನೆ ಬ್ರೇಕು ಹಾಕಿದಾಗ ಒಳಗೆ ನಿಂತವರೆಲ್ಲ ಮುಂದಕ್ಕೆ ವಾಲುವುದನ್ನು ಎಲ್ಲರೂ ಅನುಭವಿಸಿದ್ದಾರೆ. ಬೈಸಿಕಲ್ಲಿನಲ್ಲಿಯೂ ಹಾಗೆಯೇ. ನಿಲ್ಲಿಸುವ ಬಲವು ಚಕ್ರ ನೆಲವನ್ನು ಮುಟ್ಟುವೆಡೆಯಲ್ಲಿ, ಎಂದರೆ ತೀರ ಕೆಳಗೆ, ವರ್ತಿಸುತ್ತದೆ. ಸವಾರನ ಗುರುತ್ವ ಕೇಂದ್ರವಾದರೋ ನೆಲದಿಂದ ಒಂದು ಮೀಟರಿಗೂ ಮಿಕ್ಕ ಎತ್ತರದಲ್ಲಿದೆ. ಕೆಳಗೆ ತಡೆದಾಗ ಮೇಲಿನ ಭಾರ ಜಡತ್ವದಿಂದ ಮುಂದಕ್ಕೆ ಹೋಗಲೆಳಸುತ್ತದೆ. ಪರಿಣಾಮವಾಗಿ ಹಿಂಚಕ್ರದ ಮೇಲಿನ ಭಾರ ಕಡಿಮೆಯಾಗಿ ಮುಂಚಕ್ರದ ಮೇಲಿನದು ಹೆಚ್ಚುತ್ತದೆ. ನೆಲದ ಹಿಡಿತವು ಚಕ್ರದ ಮೇಲೆ ಬಿದ್ದ ಭಾರವನ್ನೇ ಅವಲಂಬಿಸಿದೆಯಾದುದರಿಂದ, ಬ್ರೇಕು ಹಿಡಿದಷ್ಟೂ ಹಿಂಚಕ್ರ ಹಗುರಾಗಿ ಹಿಡಿತ ಕಳೆದುಕೊಳ್ಳುತ್ತದೆ. ಇನ್ನೂ ಬಿಗಿಯಾಗಿ ಹಿಡಿದರೆ ತಿರುಗುವುದನ್ನು ನಿಲ್ಲಿಸಿ ರಸ್ತೆಯ ಮೇಲೆ ಜಾರುತ್ತದೆ. ಹಿಂದಿನ ಬ್ರೇಕು ತನ್ನ ಕಾಲ ಕೆಳಗಿನ ನೆಲವನ್ನು ತಾನೇ ಅಗೆದುಕೊಳ್ಳುತ್ತದೆಂದರೂ ಸಲ್ಲುವುದು. ಮುಂದಿನ ಬ್ರೇಕಿನ ಸ್ಥಿತಿ ಇದಕ್ಕೆ ವಿರುದ್ಧ. ಅದು ಕೆಲಸ ಮಾಡಿದಷ್ಟೂ ಅದಕ್ಕೆ ಹಿಡಿತ ಕೂಡಿಬರುತ್ತದೆ.

ಹಾಗಾದರೆ ಮಗುಚಿಕೊಳ್ಳುವ ಭಯ ಹುಸಿಯೆ? ಪೂರ್ತಿಯಾಗಿ ಹುಸಿಯಲ್ಲ. ಅದಕ್ಕೊಂದು ಇತಿಹಾಸವಿದೆ. ಹತ್ತೊಂಬತ್ತನೆಯ ಶತಮಾನದ ಎಂಟನೆಯ ದಶಕದಲ್ಲಿ ಇಂಗ್ಲೆಂಡಿನಲ್ಲಿ ಬಳಕೆಯಲ್ಲಿದ್ದ ಬೈಸಿಕಲ್ಲುಗಳಿಗೆ ಮುಂದೆ ಆಳೆತ್ತರದ ಒಂದು ಚಕ್ರವೂ ಹಿಂದೆ ಪುಟ್ಟದೊಂದು ಚಕ್ರವೂ ಇದ್ದುವು. ಸವಾರನು ಆ ದೊಡ್ಡ ಚಕ್ರದ ನೆತ್ತಿಯ ಮೇಲೆಯೇ ಕೂರುತ್ತಿದ್ದನು. ಗುರುತ್ವ ಕೇಂದ್ರ ಬಹಳ ಎತ್ತರ. ಮುಂಚಕ್ರವು ನೆಲ ಮುಟ್ಟುವ ಬಿಂದುವಿಗಿಂತ ಅದು ಹಿಂದಿರುತ್ತಿದ್ದುದು ಬಹಳ ಅಲ್ಪ. ಒಂದು ಕಲ್ಲು ಎಡವಿದರೂ ಸವಾರ ತಲೆಕೆಳಗಾಗಿ ಹಿಡಿಕೆಯಾಚೆಗೆ ಬೀಳುತ್ತಿದ್ದನು. 1885ರಲ್ಲಿ ಜಾನ್ ಕೆಂಪ್ ಸ್ಟಾರ್ಲಿ ಎಂಬಾತ ಎರಡೂ ಚಕ್ರಗಳನ್ನು ಹೆಚ್ಚುಕಡಿಮೆ ಸಮವಾಗಿಸಿ, ಸವಾರನನ್ನು ಅವುಗಳ ನಡುವೆ ತಗ್ಗಿನಲ್ಲಿ ಕೂರಿಸಿ, ಸರಪಳಿಯ ಮೂಲಕ ಹಿಂಚಕ್ರವನ್ನು ತಿರುಗಿಸುವ 'ರೋವರ್' ಬೈಸಿಕಲ್ಲನ್ನು ಹೊರತಂದನು. ಈ ಬಗೆಯ ಗಾಡಿಗೆ ಜನ ಇಟ್ಟ ಹೆಸರೇ 'ಸೇಫ್ಟಿ', ಎಂದರೆ ಸುರಕ್ಷೆಯ ಬೈಸಿಕಲ್ಲು. ಮೂರು ವರ್ಷಗಳ ತರುವಾಯ, 1888ರಲ್ಲಿ, ಬೆಲ್‌ಫಾಸ್ಟಿನ ಡನ್ಲಪ್ ಅದಕ್ಕೆ ಗಾಳಿಯ ಟೈರನ್ನು ಒದಗಿಸಿದನು. ನಮ್ಮ ಊರುಗಳಲ್ಲಿ ಇಂದಿಗೂ ಓಡಾಡುವ ಕರಿಯ ಬೈಸಿಕಲ್ಲು ಈ ವಂಶದ್ದೇ. ಗಾಡಿ ಬದಲಾಯಿತು; ಹಳೆಯ ಗಾಡಿಯ ಭಯವೊಂದು ಮಾತ್ರ ನಮ್ಮಲ್ಲಿ ಉಳಿದುಕೊಂಡಿತೋ ಏನೋ!

ಈ ಬೈಸಿಕಲ್ಲಿನಲ್ಲಿ ಸವಾರನು ನೆಟ್ಟಗೆ ಆಸನದ ಮೇಲೆ ಕುಳಿತಿದ್ದರೆ, ಹಿಂಚಕ್ರ ನೆಲ ಬಿಡಬೇಕಾದರೆ ನಿಲ್ಲುವ ಬಲ ಅವನ ತೂಕದ ಅರ್ಧವನ್ನೂ ಮೀರಬೇಕು. ಹಿಂಚಕ್ರದ ಬ್ರೇಕೊಂದರಿಂದಲೇ ಪಡೆಯಬಹುದಾದ ಬಲವಾದರೋ ಒಣ ರಸ್ತೆಯಲ್ಲಿ ತೂಕದ ಕಾಲುಭಾಗದಷ್ಟು ಮಾತ್ರ. ಇವೆರಡರ ನಡುವೆ ಉಳಿದಿರುವ ಅಂತರವೇ ಮುಂದಿನ ಬ್ರೇಕು ನಮಗೆ ಕೊಡುವ ವರ.

ಇದನ್ನು ದೂರಕ್ಕೆ ಪರಿವರ್ತಿಸಿ ನೋಡೋಣ. ಅಪಾಯವನ್ನು ಕಂಡು, ಬ್ರೇಕು ಹಿಡಿಯಬೇಕೆಂದು ಮನಸ್ಸಿಗೆ ಹೊಳೆದು, ಕೈ ಹಿಡಿಕೆಯನ್ನು ಒತ್ತುವುದಕ್ಕೆ ಒಂದು ಸೆಕೆಂಡು ಬೇಕು. ಗಂಟೆಗೆ 30 ಕಿಲೋಮೀಟರು ವೇಗದಲ್ಲಿ ಆ ಒಂದು ಸೆಕೆಂಡಿನಲ್ಲಿಯೇ ಬೈಸಿಕಲ್ಲು 8 ಮೀಟರು ಮುಂದೆ ಸಾಗಿರುತ್ತದೆ. ಆ ಬಳಿಕ ಹಿಂಚಕ್ರದ ಬ್ರೇಕೊಂದನ್ನೇ ಹಿಡಿದವನು ಮತ್ತೆ 14 ಮೀಟರು ಹೋಗಿ, ಒಟ್ಟು 22 ಮೀಟರಿನಲ್ಲಿ ನಿಲ್ಲುತ್ತಾನೆ. ಎರಡನ್ನೂ ಹದವರಿತು ಹಿಡಿದವನು ಒಟ್ಟು 17 ಮೀಟರಿನಲ್ಲಿ ನಿಲ್ಲಬಲ್ಲನು. ಐದು ಮೀಟರು ಏನು ಮಹಾ ಎನ್ನುವವರು ಇನ್ನೊಂದು ಲೆಕ್ಕವನ್ನು ಗಮನಿಸಬೇಕು. ಎರಡು ಬ್ರೇಕಿನವನು ನಿಂತ ಆ ಹದಿನೇಳನೆಯ ಮೀಟರಿನಲ್ಲಿ ಒಂದು ಬ್ರೇಕಿನವನ ವೇಗ ಇನ್ನೂ ಗಂಟೆಗೆ 18 ಕಿಲೋಮೀಟರು ಇರುತ್ತದೆ. ಅವನು ಸಮತಲದಲ್ಲಿ ಎಂದಿನಂತೆ ತುಳಿಯುವ ವೇಗಕ್ಕಿಂತಲೂ ಹೆಚ್ಚು! ಎದುರಿಗೆ ಅಡ್ಡ ಬಂದುದು ಎತ್ತಿನಗಾಡಿಯಾಗಿದ್ದರೆ ಒಬ್ಬನು ಅದನ್ನು ಮುಟ್ಟದೆ ನಿಂತಿರುತ್ತಾನೆ, ಇನ್ನೊಬ್ಬನು ಆ ವೇಗದಲ್ಲಿ ಅದಕ್ಕೆ ಅಪ್ಪಳಿಸುತ್ತಾನೆ. ಇಪ್ಪತ್ತಕ್ಕೆ ಒಂದರಂತೆ ಇಳಿಯುವ ರಸ್ತೆಯಲ್ಲಾದರೆ ಹಿಂದಿನ ಬ್ರೇಕೊಂದರಿಂದ ನಿಲ್ಲಲು 14ರ ಬದಲು 17 ಮೀಟರು ಬೇಕಾಗುತ್ತದೆ.

ಮುಂದಿನ ಬ್ರೇಕನ್ನು ಹಿಡಿಯಬಾರದ ಸಂದರ್ಭವೂ ಉಂಟು. ಅದನ್ನು ಮುಚ್ಚಿಡುವುದು ಸಲ್ಲದು. ಕನಕಪುರದ ಕಡೆ ಕಲ್ಲುಗಣಿಗಳ ಲಾರಿಗಳು ಓಡಾಡುವ ತಿರುವುಗಳಲ್ಲಿ ಮರಳೂ ಜಲ್ಲಿಯ ಪುಡಿಯೂ ಚೆಲ್ಲಿರುತ್ತವೆ. ಬೈಸಿಕಲ್ಲು ಓರೆಯಾಗಿ ತಿರುಗುತ್ತಿರುವಾಗ ಮರಳಿನ ಮೇಲೆ ಮುಂಚಕ್ರವನ್ನು ಬಿಗಿಹಿಡಿದರೆ ಅದು ಜಾರುತ್ತದೆ. ಹಿಂಚಕ್ರ ಜಾರಿದರೆ ಸಾವರಿಸಿಕೊಳ್ಳಬಹುದು, ಮುಂಚಕ್ರ ಜಾರಿದರೆ ಬೀಳುವುದೇ ಗತಿ. ವೇಗವನ್ನು ತಿರುವಿಗೆ ಮುಂಚೆಯೇ, ಬೈಸಿಕಲ್ಲು ನೆಟ್ಟಗಿರುವಾಗ ತಗ್ಗಿಸಿಕೊಂಡು, ತಿರುವಿನಲ್ಲಿ ಬ್ರೇಕನ್ನು ಬಿಟ್ಟು ಸಾಗುವುದು ಸರಿಯಾದ ಕ್ರಮ. ಮಳೆಯ ವಿಚಾರ ಬೇರೆ. ಹೊಳಪು ಲೇಪದ ಉಕ್ಕಿನ ಅಂಚು ನೆನೆದರೆ ರಬ್ಬರಿಗೆ ಅದರ ಮೇಲೆ ಹಿಡಿತವೇ ಸಿಗುವುದಿಲ್ಲ. ಒಣಗಿದ್ದಾಗಿನ ಬಲದ ಸಣ್ಣದೊಂದು ಪಾಲು ಮಾತ್ರ ಉಳಿಯುತ್ತದೆ. ಮಳೆಯಲ್ಲಿ ಹೋಗುವವರು ಆಗಾಗ ಬ್ರೇಕನ್ನು ಮೆಲ್ಲಗೆ ತಾಕಿಸುತ್ತ ಅಂಚಿನ ನೀರನ್ನು ಒರೆಸಿಕೊಳ್ಳುತ್ತಿರಬೇಕು. ಬ್ರೇಕು ಕಿರುಗುಟ್ಟುತ್ತದೆಂದು ಅಂಚಿಗೆ ಎಣ್ಣೆ ಬಿಡುವ ಮಹಾನುಭಾವರನ್ನೂ ನಾವು ಕಂಡಿದ್ದೇವೆ. ಅವರಿಗೆ ಏನು ಹೇಳಬೇಕೋ ತಿಳಿಯದು.

ಹೊರೆಯ ಬಗ್ಗೆ ಒಂದು ಮಾತು. ಹಿಪ್ಪುನೇರಳೆ ಸೊಪ್ಪಿನ ಕಟ್ಟು, ಹಾಲಿನ ಕ್ಯಾನು, ಅಡುಗೆ ಅನಿಲದ ಸಿಲಿಂಡರು, ಇವೆಲ್ಲವನ್ನೂ ನಮ್ಮ ಬೈಸಿಕಲ್ಲು ಹೊತ್ತಿದೆ. ಹಿಂದೆ ಕಟ್ಟಿದ ಹೊರೆ ಗುರುತ್ವ ಕೇಂದ್ರವನ್ನು ಹಿಂದಕ್ಕೆ ಎಳೆಯುವುದರಿಂದ ಮಗುಚುವ ಭಯ ಇನ್ನೂ ಕಡಿಮೆಯಾಗುತ್ತದೆ. ಆದರೆ ಕಳೆಯಬೇಕಾದ ಶಕ್ತಿ ಹೆಚ್ಚುತ್ತದೆ, ಆದುದರಿಂದ ಎರಡು ಬ್ರೇಕೂ ಇನ್ನಷ್ಟು ಅಗತ್ಯವಾಗುತ್ತವೆ. ಮುಂದಿನ ಅಡ್ಡಪಟ್ಟಿಯ ಮೇಲೆ ಮಗುವನ್ನು ಕೂರಿಸಿಕೊಂಡರೆ ಭಾರ ಮುಂದಕ್ಕೆ ಸರಿಯುತ್ತದೆ. ಆಗ ವೇಗವನ್ನೇ ತಗ್ಗಿಸಿಕೊಳ್ಳುವುದು ಜಾಣತನ.

ಬ್ರೇಕು ಎಷ್ಟೇ ಚೆನ್ನಾಗಿದ್ದರೂ ಅದನ್ನು ಹಿಡಿಯಲು ಕಾಲಾವಕಾಶ ಬೇಕಷ್ಟೆ. ಆ ಕಾಲಾವಕಾಶವನ್ನು ಈಚಿನ ವರ್ಷಗಳಲ್ಲಿ ಈ ಸೀಮೆಯ ರಸ್ತೆಗಳೇ ಬದಲಾಯಿಸಿಬಿಟ್ಟಿವೆ. 2006-07ರಲ್ಲಿ ರಾಜ್ಯ ಸರಕಾರವು ಎಂಟನೆಯ ತರಗತಿಯ ಮಕ್ಕಳಿಗೆ ಉಚಿತ ಬೈಸಿಕಲ್ಲು ಕೊಡುವ ಯೋಜನೆಯನ್ನು ಕೈಗೊಂಡಿತು. 2020ರ ಸಾಂಕ್ರಾಮಿಕದ ವೇಳೆಗೆ ಆ ಹಂಚಿಕೆ ನಿಂತಿತಾದರೂ, ಅದರ ಫಲವಾಗಿ ಅನೇಕ ಹಳ್ಳಿಗಳ ಹೆಣ್ಣುಮಕ್ಕಳು ಬೈಸಿಕಲ್ಲಿನ ಮೇಲೆಯೇ ಪ್ರೌಢಶಾಲೆಯ ಮುಖ ಕಂಡರು. ಈ ನಾಲ್ಕು ತಾಲ್ಲೂಕುಗಳನ್ನು ಕೂಡಿಸಿ ರಾಮನಗರ ಜಿಲ್ಲೆಯನ್ನು ರಚಿಸಿದುದು 2007ರಲ್ಲಿ. 2025ರಲ್ಲಿ ಅದಕ್ಕೆ ಬೆಂಗಳೂರು ದಕ್ಷಿಣ ಎಂದು ಹೆಸರಿಡಲು ಸರಕಾರ ತೀರ್ಮಾನಿಸಿತು. ಇವೆರಡರ ನಡುವೆ, 2023ರ ಮಾರ್ಚ್ 12ರಂದು, ಬೆಂಗಳೂರು ಮೈಸೂರು ನಡುವಣ ಹೊಸ ಹೆದ್ದಾರಿ ಉದ್ಘಾಟನೆಗೊಂಡಿತು. ಅದು ರಾಮನಗರ, ಚನ್ನಪಟ್ಟಣಗಳನ್ನು ಬಳಸಿಕೊಂಡು ಹೊರಗಿನಿಂದಲೇ ಹಾದುಹೋಗುತ್ತದೆ. ಅದೇ ವರ್ಷದ ಆಗಸ್ಟ್ 1ರಿಂದ ಅದರ ಮುಖ್ಯಪಥದಲ್ಲಿ ಮೋಟಾರು ಸೈಕಲ್ಲು, ಆಟೋ, ಟ್ರಾಕ್ಟರುಗಳೊಡನೆ ಎಂಜಿನ್ನಿಲ್ಲದ ವಾಹನಗಳಿಗೂ ಪ್ರವೇಶ ನಿಷೇಧವಾಯಿತು. ಅತಿವೇಗದ ಕಾರುಗಳ ನಡುವೆ ಬೈಸಿಕಲ್ಲು ಇರಬಾರದೆಂಬುದನ್ನು ನಾವು ಒಪ್ಪುತ್ತೇವೆ. ಆದರೆ ಬೈಸಿಕಲ್ಲಿನವರು, ಟ್ರಾಕ್ಟರಿನವರು, ಮೋಟಾರು ಸೈಕಲ್ಲಿನವರು ಎಲ್ಲರೂ ಈಗ ಪಕ್ಕದ ಸೇವಾರಸ್ತೆಗೆ ಬಂದು ಸೇರಿದ್ದಾರೆ.

ಹೆದ್ದಾರಿಯ ಈ ಬದಿಯಿಂದ ಆ ಬದಿಗೆ ದಾಟಲು ಕೆಳಸೇತುವೆಯನ್ನೇ ಹುಡುಕಬೇಕು. ಅದು ದೂರವಿದ್ದರೆ, ತುಳಿಯುವ ಕಾಲುಗಳಿಗೆ ಆ ಬಳಸುದಾರಿ ದುಬಾರಿ. ಆದುದರಿಂದ ಸೇವಾರಸ್ತೆಯಲ್ಲಿಯೇ ಎದುರು ದಿಕ್ಕಿನಿಂದ ಬರುವವರು ಬಹಳ. ನಾವು ಅವರನ್ನು ಬೈಯುವುದಿಲ್ಲ. ಮೋಟಾರಿನವನಿಗೆ ಎರಡು ಕಿಲೋಮೀಟರು ಎರಡು ನಿಮಿಷ, ಹತ್ತು ಕಿಲೋ ಪುಸ್ತಕ ಹೊತ್ತ ಮಗುವಿಗೆ ಅದು ಹತ್ತು ನಿಮಿಷ. ಆದರೆ ಲೆಕ್ಕ ಯಾರ ಕಷ್ಟವನ್ನೂ ಕೇಳುವುದಿಲ್ಲ. ವಾಹನದ ವೇಗ ಗಂಟೆಗೆ 40 ಕಿಲೋಮೀಟರು, ಬೈಸಿಕಲ್ಲಿನದು 15 ಎಂದಾದರೆ, ಒಂದೇ ದಿಕ್ಕಿನಲ್ಲಿ ಹೋಗುವಾಗ ಅವು ಒಂದನ್ನೊಂದು ಸಮೀಪಿಸುವ ವೇಗ 25, ಎದುರುಬದುರಾದಾಗ 55. ಐವತ್ತು ಮೀಟರು ದೂರದಲ್ಲಿ ಚಾಲಕನಿಗೆ ಬೈಸಿಕಲ್ಲು ಕಂಡರೆ ಮೊದಲನೆಯ ಸಂದರ್ಭದಲ್ಲಿ ಏಳು ಸೆಕೆಂಡು ಕಾಲಾವಕಾಶವಿದೆ, ಎರಡನೆಯದರಲ್ಲಿ ಮೂರೂಕಾಲು ಸೆಕೆಂಡು. ತಪ್ಪಿ ಡಿಕ್ಕಿಯಾದರೆ ಪೆಟ್ಟಿನ ಶಕ್ತಿ ಸುಮಾರು ಐದು ಪಟ್ಟು. ಎದುರು ಬರುವ ವಾಹನ ತನಗೆ ಕಾಣುತ್ತದೆ ಎಂಬ ಸಮಾಧಾನ ಸವಾರನಿಗೆ ಇರಬಹುದು. ಮೂರು ಸೆಕೆಂಡಿನಲ್ಲಿ ಇಬ್ಬರೂ ಒಂದೇ ಕಡೆಗೆ ತಿರುಗಿದರೆ ಆ ಸಮಾಧಾನಕ್ಕೆ ಬೆಲೆಯಿಲ್ಲ. ಕೆಳಸೇತುವೆಗಳು ಶಾಲೆಗಳಿಗೆ ಸಮೀಪವಾಗಿ ಇರಬೇಕೆಂಬುದು ಇಂಥ ಲೆಕ್ಕದಿಂದಲೇ ಹೊರಡುವ ಬೇಡಿಕೆ. ಅದನ್ನು ಮಕ್ಕಳ ಸೋಮಾರಿತನವೆಂದು ತಳ್ಳಿಹಾಕುವಂತಿಲ್ಲ.

ಕತ್ತಲಾದ ಮೇಲೆ ಕಾಲಾವಕಾಶ ಇನ್ನೂ ಕುಗ್ಗುತ್ತದೆ. ಗಂಟೆಗೆ 60 ಕಿಲೋಮೀಟರು ವೇಗದ ಕಾರು, ಚಾಲಕನು ಅಪಾಯವನ್ನು ಗ್ರಹಿಸಿ ಬ್ರೇಕು ಹಾಕಿ ನಿಲ್ಲುವಷ್ಟರಲ್ಲಿ ಸುಮಾರು 48 ಮೀಟರು ಸಾಗುತ್ತದೆ. ದೀಪವನ್ನು ತಗ್ಗಿಸಿಕೊಂಡು ಬರುವ ಚಾಲಕನಿಗೆ ಕಪ್ಪು ಬಟ್ಟೆಯ, ಕಪ್ಪು ಬೈಸಿಕಲ್ಲಿನ ಸವಾರ ಅಷ್ಟು ದೂರದಿಂದ ಕಾಣಿಸುವನೆಂಬ ಭರವಸೆಯಿಲ್ಲ. ಹಿಂದೆ ದೀಪವಿಲ್ಲದೆ ರಾತ್ರಿ ಬೈಸಿಕಲ್ಲು ತುಳಿದವರನ್ನು ಪೋಲೀಸರು ಅಡ್ಡಗಟ್ಟಿ ದಂಡ ಹಾಕುತ್ತಿದ್ದರು, ಚಕ್ರದ ಗಾಳಿ ಬಿಟ್ಟು ಕಳಿಸುತ್ತಿದ್ದುದೂ ಉಂಟು. ಅದರಿಂದ ತಪ್ಪಿಸಿಕೊಳ್ಳಲು ಜನ ಸೀಮೆಎಣ್ಣೆಯ ಪುಟ್ಟ ದೀಪವನ್ನಾದರೂ ತೂಗಿಸಿಕೊಳ್ಳುತ್ತಿದ್ದರು. ಆಮೇಲೆ ಡೈನಮೊ ಬಂತು. ಚಕ್ರಕ್ಕೆ ಉಜ್ಜಿಕೊಂಡು ತಿರುಗಿ ಮೂರು ವಾಟ್ ವಿದ್ಯುತ್ತನ್ನು ಕೊಡುತ್ತಿದ್ದ ಆ ಸಾಧನಕ್ಕೆ ಒಂದು ದೋಷ: ಬೈಸಿಕಲ್ಲು ನಿಂತೊಡನೆ ದೀಪವೂ ಆರಿತು, ರಸ್ತೆಯ ನಡುವೆ ನಿಂತವನು ಕತ್ತಲಲ್ಲಿ ಕರಗಿಹೋದನು.

ಹಿಂಬದಿಯ ಕೆಂಪು ಪ್ರತಿಫಲಕಕ್ಕೆ ಈ ದೋಷವಿಲ್ಲ. ಅದನ್ನು ಭೂತಗನ್ನಡಿಯಿಂದ ನೋಡಿದರೆ ಮೂರು ಮೂರು ಪುಟ್ಟ ಮುಖಗಳು ಕೋಣೆಯ ಮೂಲೆಯಂತೆ ಒಂದಕ್ಕೊಂದು ಲಂಬವಾಗಿ ಸೇರಿರುವುದು ಕಾಣುತ್ತದೆ. ಇಂಥ ಮೂಲೆಯೊಳಗೆ ಬಿದ್ದ ಕಿರಣ ಮೂರು ಮುಖಗಳಿಂದಲೂ ಪುಟಿದು, ಬಂದ ದಾರಿಯಲ್ಲಿಯೇ ಹಿಂದಿರುಗುತ್ತದೆ. ಕಾರಿನ ದೀಪದ ಬೆಳಕು ಕಾರಿನ ಚಾಲಕನ ಕಣ್ಣಿಗೇ ಮರಳುವುದು ಹೀಗೆ. ನೂರು ಮೀಟರಿಗೂ ಮಿಕ್ಕ ದೂರದಿಂದ ಅದು ಕೆಂಡದಂತೆ ಹೊಳೆಯುತ್ತದೆ. 1969ರಲ್ಲಿ ಅಪೊಲೊ 11ರ ಯಾತ್ರಿಕರು ಚಂದ್ರನ ಮೇಲೆ ಇರಿಸಿ ಬಂದ ಪ್ರತಿಫಲಕವೂ ಇದೇ ತತ್ತ್ವದ್ದು. ಭೂಮಿಯಿಂದ ಕಳಿಸಿದ ಲೇಸರ್ ಕಿರಣವನ್ನು ಅದು ಭೂಮಿಗೇ ಮರಳಿಸುತ್ತದೆ. ಚಂದ್ರನವರೆಗೆ ಹೋದ ಈ ಉಪಾಯ ನಮ್ಮ ಬೈಸಿಕಲ್ಲಿನ ಮಡ್‌ಗಾರ್ಡಿನ ಮೇಲೆ ಕೆಸರು ಮೆತ್ತಿಕೊಂಡು ಕುರುಡಾಗಿ ಕುಳಿತಿರುವುದನ್ನು ನೋಡಿದಾಗ ಮರುಕವಾಗುತ್ತದೆ. ಒಂದು ಒದ್ದೆ ಬಟ್ಟೆಯಿಂದ ಒರೆಸಿದರೆ ಸಾಕು. ಅದು ಸ್ವಂತ ಬೆಳಕಿನದಲ್ಲವಾದುದರಿಂದ ಅಡ್ಡರಸ್ತೆಯಿಂದ ಬರುವವರಿಗೆ ಉಪಯೋಗವಿಲ್ಲ. ಮುಂದೊಂದು ದೀಪ ಬೇಕೇ ಬೇಕು.

ಅಂಗಡಿಯ ಯಜಮಾನರಿಗೆ ನಾವು ಇಷ್ಟೆಲ್ಲ ಉಪನ್ಯಾಸ ಮಾಡಲಿಲ್ಲ. ಮುಂದಿನ ಬ್ರೇಕನ್ನು ಮತ್ತೆ ಹಾಕಿಕೊಡುವಿರಾ ಎಂದು ಮಾತ್ರ ಕೇಳಿದೆವು. ಅವರು ಹಳೆಯ ಡಬ್ಬವೊಂದನ್ನು ತಡಕಾಡಿ ಒಂದು ಸರಳನ್ನೂ ಎರಡು ಹೊಸ ರಬ್ಬರುಗಳನ್ನೂ ತೆಗೆದು, ಹತ್ತು ನಿಮಿಷದಲ್ಲಿ ಜೋಡಿಸಿದರು. ಹಿಡಿಕೆಯನ್ನು ಪೂರ್ತಿ ಒತ್ತಿದಾಗಲೂ ಅದು ಕೈಪಿಡಿಗೆ ತಾಗದಂತೆ, ಹುಡುಗಿಯ ಚಿಕ್ಕ ಬೆರಳುಗಳಿಗೆ ನಿಲುಕುವಂತೆ, ತಿರುಪನ್ನು ಬಿಗಿಮಾಡಿದರು. ಹುಡುಗಿ ಬೈಸಿಕಲ್ಲಿನ ಪಕ್ಕದಲ್ಲಿ ನಿಂತು, ಅದನ್ನು ತಳ್ಳುತ್ತ, ಹೊಸ ಬ್ರೇಕನ್ನು ಹಿಡಿದಳು. ಹಿಂಚಕ್ರ ಗೇಣೆತ್ತರ ಮೇಲೆದ್ದಿತು! "ನೋಡಿದಿರಾ?" ಎಂಬಂತೆ ಅವಳು ನಮ್ಮ ಮುಖ ನೋಡಿದಳು.

ಈ ಪರೀಕ್ಷೆಯೇ ಜನರನ್ನು ದಾರಿ ತಪ್ಪಿಸುವುದೆಂದು ನಮಗೆ ಆಗ ಹೊಳೆಯಿತು. ಆಸನದ ಮೇಲೆ ಯಾರೂ ಇಲ್ಲದಾಗ ಹಿಂಚಕ್ರವನ್ನು ನೆಲಕ್ಕೆ ಒತ್ತಿಹಿಡಿಯುವ ಭಾರವಿಲ್ಲ. ಮೇಲಾಗಿ ನಾವು ತಳ್ಳುವುದು ಹಿಡಿಕೆಯನ್ನು, ಅಂದರೆ ಮೇಲ್ತುದಿಯನ್ನು. ಕೆಳಗೆ ಚಕ್ರ ಕಚ್ಚಿಕೊಂಡಿರುವಾಗ ಮೇಲೆ ತಳ್ಳಿದರೆ ಯಾವ ಗಾಡಿಯಾದರೂ ಎದ್ದೀತು. ಅವಳನ್ನು ಆಸನದ ಮೇಲೆ ಕೂರಿಸಿ, ತೋಳುಗಳನ್ನು ನೇರವಾಗಿ ಚಾಚಿ ಮೈಯನ್ನು ತುಸು ಹಿಂದಕ್ಕೆ ಇಟ್ಟುಕೊಳ್ಳಲು ಹೇಳಿ, ಅಂಗಡಿಯ ಪಕ್ಕದ ಖಾಲಿ ಗಲ್ಲಿಯಲ್ಲಿ ನಡಿಗೆಯ ವೇಗದಿಂದ ಮೊದಲುಮಾಡಿ ಎರಡೂ ಬ್ರೇಕುಗಳನ್ನು ಒಟ್ಟಿಗೆ, ತಟ್ಟನೆ ಹಿಚುಕದೆ ಕ್ರಮವಾಗಿ ಬಿಗಿಮಾಡುವಂತೆ ಹೇಳಿದೆವು. ಹಿಂಚಕ್ರ ನೆಲದ ಮೇಲೆಯೇ ಇತ್ತು. ನಾಲ್ಕನೆಯ ಸಲ ಅವಳು ಸ್ವಲ್ಪ ಜೋರಾಗಿಯೇ ತುಳಿದು ಬಂದು, ನಾವು ಸುಣ್ಣದಕಡ್ಡಿಯಿಂದ ಎಳೆದಿದ್ದ ಗೆರೆಯ ಮೇಲೆ ಬ್ರೇಕು ಹಿಡಿದಳು. ಮುಂಚಕ್ರ ನಿಂತೆಡೆಯಲ್ಲಿ ಯಜಮಾನರು ತಾವೇ ಇನ್ನೊಂದು ಗೆರೆ ಎಳೆದು, ಹಿಂದಿನ ಬ್ರೇಕೊಂದನ್ನೇ ಹಿಡಿದು ಮತ್ತೊಮ್ಮೆ ಬರಲು ಅವಳಿಗೆ ಹೇಳಿದರು. ಎರಡು ಗೆರೆಗಳ ನಡುವಣ ದೂರವನ್ನು ಹೆಜ್ಜೆಯಿಂದ ಅಳೆದು ನೋಡಿ ಅವರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಶಾಲೆಯ ಗಂಟೆಗೆ ಹೊತ್ತಾಯಿತೆಂದು ಹುಡುಗಿ ಹೊರಟುಹೋದಳು.